ಎಂತಕ್ಕೂ ಬಾರದ ಗಿಡ

ಶಿರಸಿಯಲ್ಲಿ ಯಾರಿಗಾದರೂ ಹೊಸ ಗಿಡವೊಂದನ್ನು ತೋರಿಸಿ ನೋಡಿ. ಚೆಂದವೋ ಅಪರೂಪವೋ ಎಂದು ಯಾರೂ ಕೇಳುವುದಿಲ್ಲ. ಎಲೆಯ ತುದಿ ಚಿವುಟಿ, ಬೆರಳಲ್ಲಿ ತಿಕ್ಕಿ, ಮೂಗಿಗೆ ಹಿಡಿದು, “ಇದು ಎಂತಕ್ಕೆ ಬತ್ತು?” ಎನ್ನುತ್ತಾರೆ. ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕಲಸುವ ತಂಬುಳಿಗೆ ಬಂದರೆ ಗಿಡಕ್ಕೆ ಮರ್ಯಾದೆ. ಕಷಾಯಕ್ಕೆ ಬಂದರೂ ನಡೆದೀತು. ಎರಡಕ್ಕೂ ಬಾರದಿದ್ದರೆ ದನವಾದರೂ ತಿಂದೀತೇ ಎಂದು ವಿಚಾರಿಸುತ್ತಾರೆ.

ಪರಿಮಳಾ ಹೆಗಡೆಗೆ ಈ ಪ್ರಶ್ನೆ ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತಿತ್ತು. ಅವಳು ಕಾನಸೂರಿನ ಮಗಳು; ಯಲ್ಲಾಪುರ ರಸ್ತೆಯ ಗುಡ್ಡದ ಮೇಲಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಉಪನ್ಯಾಸಕಿ. ಡಿಗ್ರಿಗೆಲ್ಲ ಪರಿಸರ ಅಧ್ಯಯನ ಕಡ್ಡಾಯವಾದ ಮೇಲೆ ಆ ಪಾಠವೂ ಅವಳ ತಲೆಗೇ ಬಂತು. ಗಿಡ ಹುಟ್ಟಿದ್ದು ನಮ್ಮ ಉಪಯೋಗಕ್ಕಲ್ಲ, ಬದುಕುವುದಕ್ಕೆ ಅದಕ್ಕೆ ನಮ್ಮ ಅಪ್ಪಣೆ ಬೇಡ ಎಂದು ಮೇಜು ಕುಟ್ಟಿ ಹೇಳುತ್ತಿದ್ದಳು. ಹುಡುಗರು ಪರೀಕ್ಷೆಯಲ್ಲಿ ಅದನ್ನೇ ಚೆನ್ನಾಗಿ ಬರೆದು, ಹೊರಗೆ ಬಂದು, ಅವಳದೇ ಗಿಡದ ಕುಡಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಅವಳದೇ ಗಿಡ ಎಂದೆನಲ್ಲ, ಅದರ ಕತೆ ಹೀಗೆ. ಪ್ರಿನ್ಸಿಪಾಲ್ ಕಲ್ಲಯ್ಯ ಹಿರೇಮಠರು ಹಾವೇರಿ ಕಡೆಯವರು. ಅವರ ಲೆಕ್ಕದಲ್ಲಿ ಕಾಲೇಜೆಂದರೆ ಎದುರಿಗೊಂದು ಲಾನು ಇರಬೇಕು. ಹುಬ್ಬಳ್ಳಿಯಿಂದ ಹುಲ್ಲಿನ ಹಾಸು ತರಿಸಿ ಹಾಕಿಸಿದರು. ಬೇಸಿಗೆಯಲ್ಲಿ ಹುಡುಗರ ಕುಡಿಯುವ ನೀರನ್ನೆಲ್ಲ ಅದೇ ಕುಡಿಯಿತು. ಮಳೆಗಾಲದಲ್ಲಿ ಕೊಳೆತು ರಕ್ತ ಹೀರುವ ಇಂಬಳಗಳಿಗೆ ಹಾಸ್ಟೆಲ್ಲಾಯಿತು. ಆಗ ಪರಿಮಳಾ ಹೋಗಿ ಆ ಜಾಗ ನನಗೆ ಕೊಡಿ ಎಂದಳು. ಊರಿನವೇ ಗಿಡಗಳು, ಕೊಳವೆ ನೀರು ಬೇಡ, ಔಷಧಿ ಬೇಡ, ಇಳಿಜಾರಿಗೆ ಅಡ್ಡ ಕಾಲುವೆ ತೋಡಿ ಮಳೆ ನೀರನ್ನು ಅಲ್ಲೇ ಇಂಗಿಸುತ್ತೇನೆ ಎಂದಳು.

“ಕೊಟ್ಟೆ ತಗೋರಿ,” ಎಂದರು ಹಿರೇಮಠರು. “ಆದ್ರ ಮೌಲ್ಯಮಾಪನದ ಸಮಿತಿ ಬಂದಾಗ ಅವರು ಛಲೋ ಐತಿ ಅನಬೇಕು. ಅನ್ನಲಿಲ್ಲಂದ್ರ ಮತ್ತ ಲಾನು.”

ಪರಿಮಳಾ ಕಾಡಿನಿಂದ ಒಂದು ಗಿಡವನ್ನೂ ಕಿತ್ತು ತರಲಿಲ್ಲ. ಕಾಡು ಬೋಳಿಸಿ ತೋಟ ಮಾಡುವುದು ಕದ್ದ ಹಣದಲ್ಲಿ ದಾನ ಮಾಡಿದ ಹಾಗೆ ಎನ್ನುತ್ತಿದ್ದಳು. ಬೀಜ ಆಯ್ದಳು, ತುಂಡು ನೆಟ್ಟಳು, ಕಾದಳು. ಎಲವರಿಗೆ, ಒಂದೆಲಗ, ಹೊನಗೊನೆ, ಕುನ್ನೇರಲು, ಹೀಗೆ ಊರಿನ ಸೊಪ್ಪಿನ ಗಿಡಗಳೆಲ್ಲ ದಟ್ಟವಾಗಿ ಎದ್ದವು. ನಡುವೆ ಒಂದು ಮಡಿಯಲ್ಲಿ ಗೇಣುದ್ದದ ಗಿಡವಿತ್ತು, ಉಗುರಿನಷ್ಟು ನೀಲಿ ಹೂವಿನದು. ಕಾನಸೂರಿನ ಕೆಂಪು ಮುರಕಲ್ಲು ಬಯಲಿನ ಬೀಜ. ಯಾತಕ್ಕೂ ಬಾರದ್ದರಿಂದ ಊರವರು ಅದಕ್ಕೆ ಹೆಸರಿಡುವ ಶ್ರಮವನ್ನೂ ತೆಗೆದುಕೊಂಡಿರಲಿಲ್ಲ. ಪರಿಮಳಾಗೆ ಆ ಗಿಡದ ಮೇಲೆ ಉಳಿದೆಲ್ಲಕ್ಕಿಂತ ಹೆಚ್ಚು ಪ್ರೀತಿ.

ಸಮಿತಿ ಬರುವ ದಿನ ಬಂತು. ಭಾದ್ರಪದ ಕಳೆದು ಬಿಸಿಲು ಬಿದ್ದ ಬೆಳಿಗ್ಗೆ. ಅಧ್ಯಕ್ಷೆ ಮೈಸೂರಿನ ಪ್ರೊಫೆಸರು, ಭೂದೃಶ್ಯ ವಿನ್ಯಾಸ, ಅಂದರೆ ಉದ್ಯಾನ ರೂಪಿಸುವುದನ್ನೇ ಕಲಿಸುವವರು. ಇದನ್ನು ತಿಳಿದಾಗಿನಿಂದ ಪರಿಮಳಾಗೆ ನಿದ್ದೆಯಿಲ್ಲ. ಗ್ರಂಥಾಲಯ, ಪ್ರಯೋಗಾಲಯ ಎಲ್ಲ ತೋರಿಸಿ, ಹೆಮ್ಮೆಯಿಂದ ಅವರನ್ನು ಮುಂದಿನಂಗಳಕ್ಕೆ ಕರೆತಂದಳು. ಬಂದವಳು ನಿಂತಲ್ಲೇ ನಿಂತಳು.

ಬೆಳಿಗ್ಗೆ ಬರುವಾಗ ಹಸಿರು ತುಂಬಿದ್ದ ತೋಟ ಈಗ ಬೋಳಾಗಿತ್ತು. ಹಸಿರೆನ್ನುವುದು ಹೆಸರಿಗಿಲ್ಲ. ಬರೀ ಕಡ್ಡಿಗಳು, ಪ್ರತಿ ಕಡ್ಡಿಯ ಪಕ್ಕದಲ್ಲಿ ಅಚ್ಚುಕಟ್ಟಾದ ಹೆಸರಿನ ಹಲಗೆ. ನಡುವಿನ ಮಡಿಯಲ್ಲಿ ನೀಲಿ ಹೂವಿನ ಗಿಡವೊಂದೇ ಏನೂ ಆಗೇ ಇಲ್ಲವೆಂಬಂತೆ ನಿಂತಿತ್ತು.

ದನ ನುಗ್ಗಿತೇ ಎಂದು ಬೇಲಿ ನೋಡಿದಳು. ಬೇಲಿ ಗಟ್ಟಿಯಾಗಿತ್ತು. ಅಷ್ಟರಲ್ಲಿ ಕಟ್ಟಡದ ಹಿಂದಿನಿಂದ ಜೀರಿಗೆ, ಮೆಣಸಿನ ಕಾಳು ತುಪ್ಪದಲ್ಲಿ ಹುರಿಯುವ ಘಮ ಬಂತು. ಪರಿಮಳಾಗೆ ಎಲ್ಲವೂ ಅರ್ಥವಾಯಿತು. ಹಿಂದಕ್ಕೆ ಓಡಿದಳು.

ಅತಿಥಿಗಳ ಊಟಕ್ಕೆ ಕರೆಸಿದ್ದ ಅಡಿಗೆಯ ವಿಘ್ನೇಶ್ವರ ಭಟ್ಟರು ಸೌಟು ಹಿಡಿದು ಅರಸನಂತೆ ನಿಂತಿದ್ದರು.

“ಭಟ್ರೇ, ಮುಂದಿನ ಗಿಡ ಎಲ್ಲ ಎಂತ ಮಾಡಿದ್ರಿ?”

“ತಂಬುಳಿ ಮಾಡಿದ್ದಿ, ತಂಗಿ. ಕುಡಿ ಎಷ್ಟ್ ಚೊಲೋ ಇದ್ದಿತ್ತು! ತಂಬುಳಿ ಸೊಪ್ಪ ಯಾರಾದ್ರೂ ಪೇಟೆಲಿ ತಗಳ್ತ್ವ? ಬೇರು ಮುಟ್ಟಿದ್ನಿಲ್ಲೆ. ಮತ್ತೆ ಚಿಗುರ್ತು ಬಿಡು.”

“ನೀಲಿ ಹೂವಿಂದು?”

“ಅದು ಎಂತಕ್ಕೂ ಬತ್ತಿಲ್ಲೆ. ಅದ್ಕೇ ಬಿಟ್ಟಿದ್ದಿ.”

ತಪ್ಪು ಅಂತ ಹೇಳುವುದಾದರೂ ಹೇಗೆ? ಅಡಿಗೆಗೆ ಹೋದ ಮನೆಯ ಹಿತ್ತಿಲಿನ ಸೊಪ್ಪನ್ನು ಕೇಳಿ ಕೊಯ್ಯುವ ಪದ್ಧತಿ ಈ ಸೀಮೆಯಲ್ಲಿ ಹುಟ್ಟಿಯೇ ಇಲ್ಲ. ಕಾಲೇಜಿಗೂ ಅಂಗಳವಿದ್ದರೆ ಅದೂ ಹಿತ್ತಿಲೇ. ಪರಿಮಳಾಗೆ ಅಳಬೇಕೋ ಸೌಟು ಕಿತ್ತುಕೊಳ್ಳಬೇಕೋ ತಿಳಿಯಲಿಲ್ಲ.

ಮುಂದೆ ಬಂದರೆ ಹಿರೇಮಠರು ಬೆವರುತ್ತ ಕಿವಿಯಲ್ಲಿ ಪಿಸುಗುಟ್ಟಿದರು: “ವೈಜ್ಞಾನಿಕವಾಗಿ ಕತ್ತರಿಸೇವಿ ಅನ್ರಿ ಮೇಡಂ. ನಾನು ಹೂಂ ಅಂತೀನಿ.”

ಪರಿಮಳಾ ಒಂದು ಕ್ಷಣ ಆ ಸುಳ್ಳನ್ನು ನಾಲಿಗೆಯ ಮೇಲಿಟ್ಟು ನೋಡಿದಳು. ರುಚಿಸಲಿಲ್ಲ. “ತೋಟ ತಂಬುಳಿಯಾಗಿದೆ ಮೇಡಂ,” ಎಂದಳು ಅಧ್ಯಕ್ಷೆಗೆ. “ನೋಡುವುದಕ್ಕಿಲ್ಲ. ಊಟಕ್ಕಿದೆ.”

ಅಧ್ಯಕ್ಷೆ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಬಾಗಿ ಕಾಲುವೆಗಳನ್ನು ನೋಡಿದರು. ಒಂದು ಹಿಡಿ ಮಣ್ಣೆತ್ತಿ ಹಿಚುಕಿದರು, ಎರೆಹುಳುವೊಂದನ್ನು ಜೋಪಾನವಾಗಿ ಕೆಳಗೆ ಬಿಟ್ಟರು. ಆಮೇಲೆ ಊಟಕ್ಕೆ ಕೂತು ತಂಬುಳಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡರು. ಹೊರಡುವಾಗ ಕಾರಿನ ಬಾಗಿಲಲ್ಲಿ ನಿಂತು ಹೇಳಿದರು: “ನಮ್ಮಲ್ಲಿ ಉದ್ಯಾನ ಅಂತ ನೀರು ಕುಡಿಯೋ ಕಂಬಳಿ ಹಾಸ್ತಾರೆ ಸರ್. ನಿಮ್ಮದು ಊಟ ಹಾಕುತ್ತೆ. ಇದನ್ನ ಮಾದರಿ ಅಂತಲೇ ಬರೀತೀವಿ.”

ಕೆಟ್ಟದ್ದೇ ಒಳ್ಳೆಯದಾಯಿತೆಂದರೆ ಇದೇ. ಕಾರು ಇಳಿಜಾರು ದಾಟಿತೋ ಇಲ್ಲವೋ, ಹಿರೇಮಠರು ಪಂಚೆ ಎತ್ತಿ ಕಟ್ಟಿ ತೋಟಕ್ಕೇ ಇಳಿದರು. ಲಾನಿನ ಹೆಸರೆತ್ತಿದವರನ್ನು ಇನ್ನು ಅವರೇ ಹೊಡೆಯುವ ಹಾಗಿದ್ದರು.

“ಪೂರಾ ತಿನ್ನೂ ಸೊಪ್ಪಿಂದೇ ಮಾಡೂಣು ಮೇಡಂ! ಈ ನೀಲಿ ಕಸ ತಗಸ್ರಿ, ಆ ಜಾಗಾಕ್ಕ ಒಂದೆಲಗ ಹಾಕ್ರಿ.”

“ಈಗ್ಲೇ ಕಿತ್ತು ಕೊಡ್ತೆ,” ಎಂದು ಭಟ್ಟರು ಕುಕ್ಕುರುಗಾಲಲ್ಲಿ ಕೂತೇಬಿಟ್ಟರು. ತಂಬುಳಿಯ ಕೀರ್ತಿಯಿಂದ ಅವರಿಗೆ ಕೈ ತುರಿಸುತ್ತಿತ್ತು.

ಪರಿಮಳಾ ಮಡಿಗೂ ಭಟ್ಟರಿಗೂ ನಡುವೆ ಹೋಗಿ ನಿಂತಳು. “ಹಾಗಾದರೆ ನಿಮ್ಮ ಲಾನನ್ನೇ ಹಾಕಿಸಿ ಸರ್.”

“ಏನಂದ್ರಿ?”

“ಇದು ಹೋಗುವುದಾದರೆ ಎಲ್ಲವೂ ಹೋಗಲಿ. ಉಪಯೋಗಕ್ಕೆ ಬಂದದ್ದು ಇರಲಿ, ಬಾರದ್ದು ಸಾಯಲಿ ಅನ್ನುವುದಾದರೆ ನಾನು ಕ್ಲಾಸಿಗೆ ಯಾವ ಮುಖ ಹೊತ್ತು ಹೋಗಲಿ?” ಹೇಳಿದ ಮೇಲೆ ಅವಳಿಗೆ ನಿಜಕ್ಕೂ ಭಯವಾಯಿತು. ಗೆದ್ದ ತೋಟವನ್ನು ತಾನೇ ಪಣಕ್ಕಿಟ್ಟಿದ್ದಳು, ಹಿರೇಮಠರು ಹೂಂ ಎಂದರೆ ಮುಗಿಯಿತು.

ಹಿರೇಮಠರು ತಲೆ ಕೆರೆದುಕೊಂಡರು. ಈ ಹೆಣ್ಣುಮಗಳ ಹಟ ಅವರಿಗೆ ಹೊಸದಲ್ಲ. “ಒಂದ್ ಕೆಲಸ ಮಾಡ್ರಿ. ಇದಕ್ಕೂ ಏನರ ಒಂದು ಉಪಯೋಗ ಹೇಳಿಬಿಡ್ರಿ. ಸುಳ್ಳಾದ್ರೂ ನಡೀತೈತಿ. ಸಕ್ಕರಿ ಕಾಯಿಲೆಗೆ ಅನ್ರಿ, ನಾನೇ ಹಲಗಿ ಬರಸ್ತೀನಿ.”

ಎಷ್ಟು ಸುಲಭ! ಆದರೆ ಶಿರಸಿ ಅವಳಿಗೆ ಗೊತ್ತಿಲ್ಲವೇ? ಹಾಗೊಂದು ಹಲಗೆ ಬಿದ್ದರೆ ಸಿದ್ದಾಪುರದಿಂದಲೂ ಜನ ಚೀಲ ಹಿಡಿದು ಬಂದಾರು.

“ಎಂತಕ್ಕೂ ಬರುವುದಿಲ್ಲ ಸರ್. ಸುಮ್ಮನೆ ಇರುತ್ತದೆ, ಅಷ್ಟೆ.”

ನಿಂತು ನಿಂತು ಸಾಕಾಗಿ ಹಿರೇಮಠರೂ ಭಟ್ಟರ ಪಕ್ಕದಲ್ಲಿ ಕೂತರು. ಕೂತ ಮೇಲೆ ಕಣ್ಣೆದುರಿಗೆ ಇದ್ದದ್ದು ಆ ಗಿಡವೇ. ಸಣ್ಣದೊಂದು ಜೇನು ಬಂದು ಹೂವಿನೊಳಗೆ ತಲೆ ತೂರಿಸಿತು. ಹೂವು ಭಾರಕ್ಕೆ ಬಾಗಿ ನೆಲ ಮುಟ್ಟಿತು. ಜೇನು ಹಾರಿದ್ದೇ ಮತ್ತೆ ಮೇಲೆದ್ದು ತೂಗಿತು. ಇನ್ನೊಂದು ಜೇನು ಬಂತು. ಭಟ್ಟರು ಕೀಳಲು ಚಾಚಿದ್ದ ಕೈಯನ್ನು ಯಾವಾಗಲೋ ಹಿಂದಕ್ಕೆ ತೆಗೆದುಕೊಂಡಿದ್ದರು. ಇಬ್ಬರು ಹಿರಿಯರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

“ಇರ್ಲಿ ಬಿಡ್ರಿ,” ಎಂದರು ಹಿರೇಮಠರು ಕೊನೆಗೆ, ಕಣ್ಣು ಕೀಳದೆ. “ಅದು ನಮ್ಮನ್ನ ಏನೂ ಕೇಳಿಲ್ಲ. ನಾವ್ಯಾಕ ಅದನ್ನ ಕೇಳೂಣು?”

ಪರಿಮಳಾ ಕುಟ್ಟಿದ ಮೇಜುಗಳೆಲ್ಲ ವ್ಯರ್ಥವೆನಿಸಿ ಅವಳಿಗೆ ನಗು ಬಂತು, ಕಣ್ಣೂ ತುಂಬಿತು. ಸೀರೆಯ ನೆರಿಗೆ ಮಡಚಿ ಅವಳೂ ಅವರ ಪಕ್ಕದಲ್ಲಿ ಕೂತಳು.