ಗೋಣೆಪ್ಪನ ಆಣೆ

ಬೆಟಗೇರಿಯ ನಮ್ಮ ಸಭೆಯಲ್ಲಿ ಪ್ರಾರ್ಥನೆ ಅಂದರೆ ಇಸಾಕ, ಇಸಾಕ ಅಂದರೆ ಪ್ರಾರ್ಥನೆ. ನಾನೇ ಹೊಗಳಿಕೊಳ್ಳುತ್ತಿಲ್ಲ, ಮಂದಿ ಹಾಗೆ ಅನ್ನುತ್ತಿದ್ದರು. ನಾನು ಕಣ್ಣು ಮುಚ್ಚಿ "ಕರ್ತನೇ, ನಾನು ಪಾಪಿ" ಎಂದರೆ ಸಾಕು, ಹಿಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಯಾವ ಪಾಪ ಮಾಡಿದ್ದೀಯೋ ಇಸಾಕ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ, ಆಗ ಹೇಳುವಂಥದ್ದು ಏನೂ ಇರಲಿಲ್ಲ.

ಹೊಟ್ಟೆಪಾಡಿಗೆ ನಾನು ನೇಕಾರರ ನೂಲಿಗೆ ಬಣ್ಣ ಹಾಕುತ್ತಿದ್ದೆ. ಬಣ್ಣ ಕೂರಲಿಕ್ಕೆ ನೀರಿಗೆ ಕಾಸ್ಟಿಕ್ ಸೋಡಾ ಹಾಕುತ್ತೇವೆ. ಕೈಗೆ ತಾಗಿದರೆ ಚರ್ಮ ಸುಲಿಯುವ ನೀರು ಅದು. ಕೆಲಸ ಮುಗಿದ ಮೇಲೆ ಅದನ್ನು ಊರ ಹೊರಗಿನ ತಗ್ಗಿಗೆ ಹೊತ್ತು ಚೆಲ್ಲಿ ಬರಬೇಕು.

ಎಪ್ಪತ್ತಾರನೆಯ ಇಸವಿ, ಏಪ್ರಿಲ್ ತಿಂಗಳ ಬಿಸಿಲು. ಕರ್ತನ ಭೋಜನದ ಹಿಂದಿನ ಸಂಜೆ ನಮ್ಮಲ್ಲಿ ಸಿದ್ಧತೆಯ ಕೂಟ ಇರುತ್ತದೆ. ರೊಟ್ಟಿಗೆ ಕೈ ಚಾಚುವ ಮೊದಲು ಒಬ್ಬೊಬ್ಬನೂ ತನ್ನ ಪಾಪವನ್ನು ನೆನೆದು ಅಳಬೇಕು, ಯಾರಿಗೆ ಅನ್ಯಾಯ ಮಾಡಿದ್ದಾನೋ ಅವರಲ್ಲಿಗೆ ಹೋಗಿ ಸರಿಮಾಡಿಕೊಳ್ಳಬೇಕು. ಅಯೋಗ್ಯನಾಗಿ ತಿಂದರೆ ಶಿಕ್ಷೆಯನ್ನೇ ತಿಂದಂತೆ. ಆ ಶನಿವಾರ ಪ್ರಾರ್ಥನೆ ನಡೆಸುವವನು ನಾನು. ಹೊತ್ತಾಗಿಬಿಟ್ಟಿತ್ತು. ಹಂಡೆಯಲ್ಲೇ ಬಿಟ್ಟರೆ ಕರೆ ಹಿಡಿಯುತ್ತದೆಂದು ಉಳಿದ ನೀರನ್ನು ಎರಡು ಮನೆಗಳಿಗೂ ಸೇರಿದ ಹಿತ್ತಲಿನ ಕಲ್ಲಿನ ಬಾನಿಗೆ ಸುರಿದೆ. ಪಕ್ಕದ ಮನೆಯ ಗಾಡಿ ಹೊಡೆಯುವ ಮರ್ದಾನಸಾಬನ ಎತ್ತುಗಳು ನೀರು ಕುಡಿಯುವ ಬಾನಿ ಅದು. ಅವನ ಗಾಡಿ ಹೊಂಬಳಕ್ಕೆ ಹೋಗಿದೆ, ನಾಳೆ ಬರುತ್ತದೆ, ಅಷ್ಟರಲ್ಲಿ ತೊಳೆದಿಟ್ಟರಾಯಿತು ಎಂದುಕೊಂಡೆ. ಬಿಳಿ ಅಂಗಿ ತೊಟ್ಟು ನಮ್ಮ ಸಭೆಯ ಗುಡಿಯತ್ತ ಓಡಿದೆ. ಪಶ್ಚಾತ್ತಾಪಕ್ಕೆ ತಡವಾಗಬಾರದಲ್ಲ!

ಅಂದು ನನ್ನ ಪ್ರಾರ್ಥನೆಗೆ ಪಾಸ್ಟರು ಕೂಡ ಅತ್ತರು. ಮನೆಗೆ ಬರುವಷ್ಟರಲ್ಲಿ ಮರ್ದಾನಸಾಬನ ಅಂಗಳದಲ್ಲಿ ಮಂದಿ ಕೂಡಿದ್ದರು. ಗಾಡಿ ಒಂದು ದಿನ ಮೊದಲೇ ವಾಪಸು ಬಂದಿತ್ತು. ಬಿಳಿ ಎತ್ತು ನೆಲಕ್ಕೆ ಬಿದ್ದು ಕಾಲು ಬಡಿಯುತ್ತಿತ್ತು, ನಾಲಿಗೆಯ ಚರ್ಮ ಕಿತ್ತು ಬಂದಿತ್ತು. ಯಾರೂ ನೋಡದಂತೆ ಹಿತ್ತಲಿಗೆ ಹೋಗಿ ಬಾನಿಯನ್ನು ಮೂರು ಸಲ ತೊಳೆದೆ. ಎತ್ತು ಬಿದ್ದದ್ದು ನನ್ನ ಗಡಿಬಿಡಿಯಿಂದ, ಅದು ತಪ್ಪು. ಬಾನಿ ತೊಳೆದದ್ದು ಮಾತ್ರ ಪಾಪ, ಅದು ನನಗೆ ಆಗಲೇ ಗೊತ್ತಿತ್ತು.

ಭಾನುವಾರ ಬೆಳಗಾಗುವ ಹೊತ್ತಿಗೆ ಎತ್ತಿನ ಜೀವ ಹೋಗಿತ್ತು. ನಾನು ಗುಡಿಗೆ ಹೋದೆ, ಸಾಲಿನಲ್ಲಿ ನಿಂತೆ, ರೊಟ್ಟಿ ತಿಂದೆ. ನಾಲಿಗೆ ಬಿದ್ದುಹೋಗಲಿಲ್ಲ. ಹಾಗೆ ಏನೂ ಆಗದೆ ಇದ್ದದ್ದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಸಂಶಯ ಎದುರು ಮನೆಯ ಗೋಣೆಪ್ಪನ ಮೇಲೆ ಬಿತ್ತು. ಶನಿವಾರ ಮುಂಜಾನೆ ಗಾಡಿ ಅವನ ಬಾಗಿಲಿಗೆ ಅಡ್ಡ ನಿಂತಿದ್ದಕ್ಕೆ ಜಗಳವಾಗಿ, ಅವನು ಸಿಟ್ಟಿನಲ್ಲಿ "ನಿನ್ನ ಎತ್ತು ಸತ್ತು ಹೋಗ್ಲಿ" ಅಂದಿದ್ದ. ಸಂಜೆ ಓಣಿಯ ಹಿರಿಯರು ಕೂಡಿದರು. ನಾನೂ ಇದ್ದೆ.

"ಮೇವಿನಾಗ ವಿಷಾ ಹಾಕಿಲ್ಲಂದ್ರ ಮಗಳ ತಲಿ ಮುಟ್ಟಿ ಆಣಿ ಮಾಡು, ಲೇ ಗೋಣ್ಯಾ" ಎಂದ ಮರ್ದಾನಸಾಬ.

ಗೋಣೆಪ್ಪ ಏಳು ವರ್ಷದ ಹನಮವ್ವನನ್ನು ಎದುರಿಗೆ ನಿಲ್ಲಿಸಿಕೊಂಡು ತಲೆಯ ಮೇಲೆ ಕೈಯಿಟ್ಟ. "ನಾ ಹಾಕಿದ್ರ ಈ ಕೂಸು ನನಗ ದಕ್ಕಬಾರ್ದು" ಎಂದ. ಹುಡುಗಿಗೆ ಕಚಗುಳಿಯಾಯಿತೋ ಏನೋ, ಕಿಸಕ್ಕನೆ ನಕ್ಕಳು.

ಸೋಮವಾರ ಬೆಳಿಗ್ಗೆ ಆ ಮಗುವಿಗೆ ಜ್ವರ ಬಂತು.

ಮಧ್ಯಾಹ್ನದೊಳಗೆ ಇಡೀ ಓಣಿ ಒಂದೇ ಮಾತು ಆಡುತ್ತಿತ್ತು: ಆಣೆ ತಾಗಿದೆ. ಸುಳ್ಳು ಆಣೆಯ ಜ್ವರಕ್ಕೆ ಸೂಜಿ ಚುಚ್ಚಿಸಿದರೆ ಕೂಸು ಉಳಿಯುವುದಿಲ್ಲ ಎಂದು ಯಾರೋ ಮುದುಕಿ ಹೇಳಿದಳು. ತಾಯಿ ಕರೆವ್ವ ದವಾಖಾನೆಯ ಮಾತು ಎತ್ತಿದವರ ಮೇಲೆ ಹರಿಹಾಯ್ದಳು. ಗಂಡನ ಎದುರು ಕೂತು "ಒಪ್ಪಿಕೋ, ಒಪ್ಪಿಕೊಂಡು ಕೂಸಿನ್ನ ಉಳಸು" ಎಂದು ಎದೆ ಬಡಿದುಕೊಂಡಳು.

ನಾನು ಏನು ಮಾಡಿದೆ? ಪ್ರಾರ್ಥನೆ ಮಾಡಿದೆ. ಕದ ಹಾಕಿಕೊಂಡು, ಬಾಯಲ್ಲಿ ಟವೆಲ್ ತುರುಕಿಕೊಂಡು ಅತ್ತೆ. ನನ್ನ ಪಾಪಕ್ಕೆ ಆ ಕೂಸನ್ನು ಹಿಡಿಯಬೇಡ ಎಂದು ಬೇಡಿದೆ. ಸುಳ್ಳಲ್ಲ, ಅಷ್ಟು ಮನಸ್ಸಿಟ್ಟು ನಾನು ಎಂದೂ ಬೇಡಿರಲಿಲ್ಲ.

ಹೆಂಡತಿ ಎಸ್ತೇರವ್ವನಿಗೆ ಎಲ್ಲ ಹೇಳಿದ್ದೆ. ಅವಳು ಊಟದ ತಾಟು ತಂದು ನೆಲಕ್ಕೆ ಕುಕ್ಕಿದಳು.

"ದೇವರಿಗೆ ಗೊತ್ತಿದ್ದದ್ದನ್ನ ದೇವರಿಗೆ ಎಷ್ಟು ಸಲ ಹೇಳ್ತೀರಿ? ಗೊತ್ತಿಲ್ಲದವ್ರು ಎದುರು ಮನ್ಯಾಗ ಅದಾರ. ಅಲ್ಲಿ ಹೋಗಿ ಹೇಳ್ರಿ."

"ಸಭಾದಾಗ ಮಾರಿ ಹೆಂಗ ತೋರಸ್ಲಿ? ಪ್ರಾರ್ಥನಾ ಮಾಡಾಕತ್ತೀನಿ, ಸುಮ್ನ ಇರು" ಎಂದು ಅವಳ ಮೇಲೆಯೇ ರೇಗಿದೆ. ಮಂಗಳವಾರವೂ ಹಾಗೇ ಹೋಯಿತು.

ಬುಧವಾರ ಮಧ್ಯಾಹ್ನ ಕಿಟಕಿಯಿಂದ ನೋಡಿದೆ. ಗೋಣೆಪ್ಪ ಮರ್ದಾನಸಾಬನ ಕಾಲು ಹಿಡಿದು ಅಂಗಳದಲ್ಲಿ ಬಿದ್ದಿದ್ದ. "ಹೌದು ಸಾಬ, ನಾನ ವಿಷಾ ಹಾಕೀನಿ. ಮಾಫ್ ಮಾಡು. ಕೂಸಿನ ಮ್ಯಾಲಿನ ಆಣಿ ಇಳೀಲಿ." ಮಾಡದ ಪಾಪಕ್ಕೆ ಅವನು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಮರ್ದಾನಸಾಬನ ಸಿಟ್ಟು ಇಳಿದುಹೋಗಿ, "ಮಾಫ್ ಮಾಡೇನಿ, ಏಳಪಾ" ಎಂದು ಅವನನ್ನು ಎಬ್ಬಿಸಿದ. ಆದರೆ ಜ್ವರ ಇಳಿಯಲಿಲ್ಲ. ಹುಡುಗಿಯ ಕತ್ತು ಸೆಟೆದುಕೊಳ್ಳತೊಡಗಿತ್ತು.

ಆಮೇಲೆ ಕರೆವ್ವ ನಮ್ಮ ಬಾಗಿಲಿಗೇ ಬಂದಳು. ತಲೆಗೂದಲು ಕೆದರಿತ್ತು. "ಇಸಾಕಣ್ಣಾ, ಒಪ್ಪಿಕೊಂಡ್ರೂ ಬಿಡವಲ್ದು. ನೀವು ಅತ್ತು ಕೇಳಿದ್ರ ನಿಮ್ಮ ಯೇಸುಸ್ವಾಮಿ ಇಲ್ಲ ಅನ್ನಂಗಿಲ್ಲಂತ. ಬರ್ರಿ, ಕೂಸಿನ ತಲಿ ಮ್ಯಾಲ ಕೈ ಇಡ್ರಿ."

ಎಸ್ತೇರವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಕಾಲು ಎಳೆದುಕೊಂಡು ಹೋದೆ. ಗೋಣೆಪ್ಪ ಗೋಡೆಗೆ ಒರಗಿದ್ದ, ಮರ್ದಾನಸಾಬ ಹೊಸ್ತಿಲಲ್ಲಿ ಕೂತಿದ್ದ. ಕೈಯಿಟ್ಟೆ. ತಲೆ ಕಾದ ಹಂಚಿನಂತೆ ಸುಡುತ್ತಿತ್ತು. ಕಣ್ಣು ಮುಚ್ಚಿದೆ. "ಕರ್ತನೇ, ನಾನು ಪಾಪಿ" ಎಂದೆ. ಮುಂದಿನ ಮಾತು ಬರಲಿಲ್ಲ. ಸಾವಿರ ಸಲ ಇದೇ ಪ್ರಾರ್ಥನೆ ಹೇಳಿದ ಬಾಯಿ ಅಲ್ಲಿಗೇ ನಿಂತಿತು. ಎಲ್ಲರೂ ಕಾಯುತ್ತಿದ್ದರು. ಆ ಮಗು ಕೈಯಡಿ ಒಂದು ಸಲ ನಡುಗಿತು.

ಕಣ್ಣು ತೆರೆದೆ. "ಮರ್ದಾನಸಾಬ, ಎತ್ತು ಕೊಂದಾಂವ ನಾನು. ಬಾನ್ಯಾಗ ಕಾಸ್ಟಿಕ್ ನೀರು ಸುರದಿದ್ದೆ. ಯಾರಿಗೂ ಗೊತ್ತಾಗಬಾರ್ದಂತ ಬಾನಿ ತೊಳದೆ. ಗೋಣೆಪ್ಪ ಖರೇನ ಆಣಿ ಮಾಡ್ಯಾನ. ಇವತ್ತು ಒಪ್ಪಿಕೊಂಡದ್ದ ಸುಳ್ಳು."

ಬೈಗುಳ ಬರುತ್ತದೆ, ಹೊಡೆತ ಬೀಳುತ್ತದೆ ಎಂದು ಕಾದೆ. ಮರ್ದಾನಸಾಬ ಎದ್ದು ನಿಂತ, ಆದರೆ ನನ್ನತ್ತ ಬರಲಿಲ್ಲ. ಕರೆವ್ವ ನನ್ನನ್ನೇ ದಿಟ್ಟಿಸುತ್ತಿದ್ದಳು, ಅವಳಿಗೆ ಏನೋ ಹೊಳೆಯುತ್ತಿತ್ತು.

"ಹಂಗಾದ್ರ ಆಣಿ ತಾಗಿಲ್ಲ" ಎಂದಳು. "ಹಂಗಾದ್ರ ಇದು ಬರೇ ಜ್ವರಾ?"

ನನ್ನ ಕೈಯನ್ನು ಕಿತ್ತೆಸೆದು ಮಗುವನ್ನು ಬಾಚಿಕೊಂಡಳು. ಗೋಣೆಪ್ಪ ಬರಿಗಾಲಲ್ಲಿ ಓಡಿದ. ಮರ್ದಾನಸಾಬ ಟಾಂಗಾ ಕೂಗುತ್ತ ಅವರ ಮುಂದೆ ಓಡಿದ. ಆ ಮನೆಯಲ್ಲಿ ನಾನೊಬ್ಬನೇ ಉಳಿದೆ.

ಹನಮವ್ವ ಬದುಕಿದಳು. ಎರಡೂ ಕಿವಿ ಹೋದವು. ಜ್ವರ ಮಿದುಳಿಗೆ ಏರಿತ್ತಂತೆ. ದವಾಖಾನೆಯಲ್ಲಿ ಡಾಕ್ಟರು ಕರೆವ್ವನಿಗೆ ಬೈದರಂತೆ, ಎರಡು ದಿನ ಮೊದಲು ತಂದಿದ್ದರೆ ಹೀಗಾಗುತ್ತಿರಲಿಲ್ಲ, ಆ ಎರಡು ದಿನ ಏನು ಮಾಡುತ್ತಿದ್ದಿರಿ ಎಂದು. ಆಕೆ ಏನು ಉತ್ತರ ಕೊಟ್ಟಳೋ ನನಗೆ ಗೊತ್ತಿಲ್ಲ. ಆ ಎರಡು ದಿನ ನಾನು ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಿದ್ದೆ.