ಹತ್ತಕ್ಕೆ ಹತ್ತು

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳಿಗೆ ವಾಪಸಕ್ಕ ಎಂದು ಹೆಸರು ಬಿದ್ದು ಎಷ್ಟೋ ಕಾಲವಾಗಿತ್ತು. ಒಗೆದು, ಒಣಗಿ, ಇಸ್ತ್ರಿಯಾಗಿ ಬಂದ ಚಾದರಗಳನ್ನು ಟ್ಯೂಬ್‌ಲೈಟಿನ ಕೆಳಗೆ ಬಿಚ್ಚಿ ನೋಡುವುದು ಅವಳ ಕೆಲಸ. ಸಾಸಿವೆ ಕಾಳಿನಷ್ಟು ಕಲೆ ಕಂಡರೂ ಸಾಕು, "ವಾಪಸ್" ಎಂದು ಹಿಂದಿನ ಬುಟ್ಟಿಗೆ ಎಸೆಯುತ್ತಿದ್ದಳು. ಯಂತ್ರ ನಡೆಸುವವರು ಮೂಗು ಮುರಿಯುತ್ತಿದ್ದರು. "ಹುಷಾರಿಲ್ಲದವರು ಕಣ್ಣು ಮುಚ್ಕೊಂಡು ಮಲಗಿರ್ತಾರೆ ಅಕ್ಕ, ಯಾರು ನೋಡ್ತಾರೆ ಬಿಡಿ" ಎಂದರೆ, "ನಾನು ನೋಡಿದ್ನಲ್ಲ, ಸಾಲ್ದಾ?" ಎಂದು ಮುಂದಿನ ಚಾದರಕ್ಕೆ ಕೈ ಹಾಕುತ್ತಿದ್ದಳು.

ಅಂಥ ವಾಪಸಕ್ಕ ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತಳೆಂದರೆ ಬೇರೆಯೇ ಹೆಂಗಸು. ಅಲ್ಲಿ ಅವಳು ಯಾವುದನ್ನೂ ವಾಪಸ್ ಕಳಿಸಿದವಳಲ್ಲ. ಕಂಡಕಂಡವರಿಗೆಲ್ಲ ಹತ್ತಕ್ಕೆ ಹತ್ತು.

ಅವಳು ಓದುತ್ತಿದ್ದದ್ದು ಕಟ್ಟಡವಿಲ್ಲದ, ಬೆಂಚಿಲ್ಲದ, ಗಂಟೆ ಹೊಡೆಯದ ವಿಶ್ವವಿದ್ಯಾಲಯದಲ್ಲಿ, ಇರುವುದೆಲ್ಲ ಕಂಪ್ಯೂಟರಿನೊಳಗೇ. ವಾರಕ್ಕೊಂದು ಪ್ರಬಂಧ ಬರೆದು ಕಳಿಸಬೇಕು. ಆಮೇಲೆ ಸಹಪಾಠಿಗಳ ಮೂರು ಪ್ರಬಂಧಗಳು ಹೆಸರಿಲ್ಲದೆ ಇವಳ ಮುಂದೆ ಬಂದು ನಿಲ್ಲುತ್ತವೆ. ಓದಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಯಾಕೆ ಕೊಟ್ಟೆ ಎಂದು ನಾಲ್ಕು ಮಾತು ಬರೆಯಬೇಕು. ಇವಳದ್ದೂ ಹಾಗೆಯೇ ಮೂವರ ಕೈಗೆ ಹೋಗುತ್ತದೆ. ವಾರದ ಅಂಕ ಬರುವುದು ಅಲ್ಲಿಂದ. ಸರಿಯಾಗಿ ಅಂಕ ಕೊಟ್ಟದ್ದಕ್ಕೂ ಒಂದಿಷ್ಟು ಅಂಕ ಉಂಟು. ಮೇಷ್ಟ್ರು ಮೇಲಿನಿಂದ ನೋಡುತ್ತಿರುತ್ತಾರೆ. ಕೊನೆಯ ಪರೀಕ್ಷೆಯನ್ನು ಮಾತ್ರ ಅವರೇ ತಿದ್ದುತ್ತಾರೆ.

ದಿನವಿಡೀ ಒದ್ದೆ ನೆಲದ ಮೇಲೆ ನಿಂತು ಹಣ್ಣುಗಾಯಿ ನೀರುಗಾಯಿಯಾಗಿ ಬಂದವಳಿಗೆ ಇನ್ನೊಬ್ಬರ ಪ್ರಬಂಧ ಓದುವ ತ್ರಾಣ ಎಲ್ಲಿಂದ ಬರಬೇಕು? ಮೊದಲ ಸಾಲು ನೋಡುವಳು, ಕೊನೆಯ ಸಾಲು ನೋಡುವಳು, "ಚೆನ್ನಾಗಿದೆ" ಎಂದು ಬರೆದು ಹತ್ತು ಕೊಟ್ಟು ಕೈ ತೊಳೆದುಕೊಳ್ಳುವಳು. ಅದು ಬರೀ ಸೋಮಾರಿತನ ಎಂದರೆ ಅನ್ಯಾಯವಾದೀತು. ಆ ಹೆಸರಿಲ್ಲದವರೂ ತನ್ನ ಹಾಗೆಯೇ ದುಡಿದು ದಣಿದು ಬರೆದವರು, ಅವರ ಹೊಟ್ಟೆಯ ಮೇಲೆ ತಾನ್ಯಾಕೆ ಹೊಡೆಯಲಿ ಎಂಬ ಕನಿಕರ ಅವಳದು. ಅವರೂ ಇವಳಿಗೆ ಅದನ್ನೇ ಮಾಡುತ್ತಿದ್ದರು.

ಹೀಗೆ ಒಬ್ಬರು ಕೊಟ್ಟ ಹತ್ತಿನ ಮೇಲೆ ಇನ್ನೊಬ್ಬರು ತೇಲಿಕೊಂಡು ಹೋಗಿ, ಕಳೆದ ಅವಧಿಯ ಕೊನೆಯ ಪರೀಕ್ಷೆಯಲ್ಲಿ ಅವಳು ತಳ ಕಂಡಿದ್ದಳು. ವಿಷಯ ನಪಾಸು, ಸರಾಸರಿ ಪಾತಾಳಕ್ಕೆ. ಈ ಸಲವೂ ಅದೇ ವಿಷಯದಲ್ಲಿ ಬಿದ್ದರೆ ವಿಶ್ವವಿದ್ಯಾಲಯ ಅವಳ ಕೈ ಬಿಡುತ್ತದೆ. ಕೈ ಬಿಟ್ಟರೆ ಪದವಿಯಿಲ್ಲ. ಪದವಿಯಿಲ್ಲದವಳಿಗೆ ಲಾಂಡ್ರಿಯ ಮೇಲ್ವಿಚಾರಕಿಯ ಕುರ್ಚಿಯಿಲ್ಲ. ಕುರ್ಚಿ ಎಂದರೆ ಅವಳಿಗೆ ಅಧಿಕಾರವಲ್ಲ. ನಿಜವಾದ ಕುರ್ಚಿ, ಕೂರುವುದಕ್ಕೆ. ಅವಳ ಮೊಣಕಾಲುಗಳು ಅದಕ್ಕಾಗಿ ಹಾತೊರೆಯುತ್ತಿದ್ದವು.

ಈ ಸಲ ಅವಳ ಜೊತೆಗೆ ಅದೇ ವಿಷಯಕ್ಕೆ ನಾದಿನಿಯೂ ಸೇರಿದ್ದಳು. ಗಂಡನ ತಂಗಿ, ಮದುವೆ ಮುರಿದು ಅಣ್ಣನ ಮನೆಗೆ ಬಂದವಳು. ಪಾರ್ಸೆಲ್ ಕಂಪನಿಯೊಂದರಲ್ಲಿ ಫೋನು ಎತ್ತುವ ಕೆಲಸ. ಒಡೆದುಹೋದ, ಕಳೆದುಹೋದ, ಬರಲೇ ಇಲ್ಲದ ಪಾರ್ಸೆಲ್‌ಗಳಿಗಾಗಿ ಊರಿನವರ ಬೈಗುಳ ಕೇಳಿಸಿಕೊಂಡು "ಕ್ಷಮಿಸಿ ಸರ್, ಕ್ಷಮಿಸಿ ಮೇಡಂ" ಎನ್ನುತ್ತಲೇ ಅವಳ ದಿನ ಕಳೆಯುತ್ತಿತ್ತು. ನಿದ್ದೆಯಲ್ಲೂ ಕ್ಷಮೆ ಕೇಳುತ್ತಾಳೆ ಎಂದು ಅಣ್ಣ ಛೇಡಿಸುತ್ತಿದ್ದ. ಪದವಿ ಬಂದರೆ ಬೇರೆ ಕೆಲಸ, ಬೇರೆ ಕೆಲಸ ಬಂದರೆ ಯಾರ ಹಂಗೂ ಇಲ್ಲದ ತನ್ನದೇ ಒಂದು ಕೋಣೆ, ಇದು ಅವಳ ಲೆಕ್ಕಾಚಾರ. ಅಡುಗೆಮನೆಯ ಮೂಲೆಯಲ್ಲಿ ಒಂದು ಕಂಪ್ಯೂಟರು, ಅದರ ಮುಂದೆ ಒಂದೇ ಕುರ್ಚಿ. ಅತ್ತಿಗೆ ನಾದಿನಿ ಸರದಿಯಲ್ಲಿ ಕೂರುತ್ತಿದ್ದರು. ಸರಕಿನ ಗಾಡಿ ಓಡಿಸುವ ಗಂಡ ಒಲೆಯ ಕಡೆ ನೋಡಿ, "ಪಂಡಿತರು ಅಪ್ಪಣೆ ಕೊಟ್ರೆ ನಾನೇ ಅನ್ನಕ್ಕಿಡ್ತೀನಿ" ಎನ್ನುತ್ತಿದ್ದ. ಇಡುತ್ತಲೂ ಇದ್ದ, ಪಾಪ.

ಆ ವಾರ ಮೇಷ್ಟ್ರ ಓಲೆಯೊಂದು ಅವಳಿಗೆ ಬಂತು. ನೀವು ಎಲ್ಲರಿಗೂ ಹತ್ತೇ ಕೊಡುತ್ತಿದ್ದೀರಿ, ಎಲ್ಲರಿಗೂ ಒಂದೇ ಪದ ಬರೆಯುತ್ತಿದ್ದೀರಿ, ಇನ್ನು ಮುಂದೆ ನೀವು ಕೊಡುವ ಅಂಕಗಳನ್ನು ಗಮನಿಸಲಾಗುತ್ತದೆ ಎಂದು ಮೆತ್ತಗೆ ಬರೆದಿದ್ದರು. ಮೆತ್ತಗೆ ಬರೆದದ್ದೇ ಅವಳಿಗೆ ಹೆಚ್ಚು ಚುಚ್ಚಿತು. ಶನಿವಾರ ಬೇಗ ಮನೆಗೆ ಬಂದು, ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟುಕೊಂಡು, ಈ ಸಲ ಓದಿಯೇ ತೀರುವುದೆಂದು ಕೂತಳು.

ಮೊದಲನೆಯ ಪ್ರಬಂಧವನ್ನು ಹೇಗೋ ಮುಗಿಸಿದಳು. ಎರಡನೆಯದರ ಶೀರ್ಷಿಕೆ, "ನನ್ನ ಕೆಲಸದಲ್ಲಿ ನಾನು ತೆಗೆದುಕೊಂಡ ಒಂದು ನಿರ್ಧಾರ." ಪಾರ್ಸೆಲ್ ಕಚೇರಿಯಲ್ಲಿ ಕೆಲಸ ಮಾಡುವ ಯಾರೋ ಬರೆದದ್ದು. "ಪಾರ್ಸೆಲ್ ಸ್ವಚ್ಛವಾಗಿದ್ದರೆ ಮಾತ್ರ ರೋಗಿಗೆ ನೆಮ್ಮದಿ" ಎಂದಿತ್ತು. ಅವಳು ಹುಬ್ಬು ಗಂಟಿಕ್ಕಿದಳು. ಮುಂದೆ, "ಪಾರ್ಸೆಲನ್ನು ನಾಲ್ಕು ಮೂಲೆ ಹಿಡಿದು ಕೊಡವಿ ಬೆಳಕಿನಲ್ಲಿ ನೋಡಬೇಕು" ಎಂದಿತ್ತು. ಅದರ ಮುಂದೆ, "ಒದ್ದೆ ಪಾರ್ಸೆಲನ್ನು ಇಸ್ತ್ರಿ ಯಂತ್ರಕ್ಕೆ ಹಾಕಬಾರದು."

ಅವಳಿಗೆ ಮೊದಲು ನಗು ಬಂತು. ಆಮೇಲೆ ಆ ಮೂರು ಸಾಲುಗಳನ್ನು ಮತ್ತೆ ಓದಿದಳು. ಅದು ಅವಳದೇ ಪ್ರಬಂಧ. ಕಳೆದ ಅವಧಿಯಲ್ಲಿ ಬರೆದು ಇದೇ ಕಂಪ್ಯೂಟರಿನಲ್ಲಿ ಉಳಿಸಿಟ್ಟದ್ದು. ಚಾದರ ಎಂದಿದ್ದಲ್ಲೆಲ್ಲ ಪಾರ್ಸೆಲ್ ಎಂದು ಬದಲಾಯಿಸಿ ಕಳಿಸಿದವಳು ಯಾರೆಂದು ಹುಡುಕಲು ಮನೆಯ ಹೊಸ್ತಿಲು ದಾಟಬೇಕಿರಲಿಲ್ಲ.

ಬಕೆಟ್ಟಿನ ನೀರು ತಣ್ಣಗಾಗುವವರೆಗೂ ಅವಳು ವಿಶ್ವವಿದ್ಯಾಲಯದ ಕೈಪಿಡಿಯನ್ನು ತೆರೆದು ಓದಿದಳು. ಸೇರುವಾಗ "ಪೂರ್ತಿ ಓದಿದ್ದೇನೆ, ಒಪ್ಪಿದ್ದೇನೆ" ಎಂಬಲ್ಲಿ ಗುಂಡಿ ಒತ್ತಿದ್ದಳೇ ಹೊರತು ಒಂದು ಸಾಲನ್ನೂ ಓದಿರಲಿಲ್ಲ. ಕದ್ದು ಬರೆದದ್ದು ಸಿಕ್ಕಿಬಿದ್ದರೆ ಇಡೀ ವಿಷಯವೇ ನಪಾಸು. ಬರೆದುಕೊಳ್ಳಲು ಬಿಟ್ಟವರಿಗೂ ಅದೇ ಗತಿ. ಓದದೆ ಅಂಕ ಕೊಟ್ಟವರಿಗೆ ಆ ವಾರಗಳ ಅಂಕವೇ ರದ್ದು. ಅವಧಿಯ ಕೊನೆಗೆ ಎಲ್ಲರ ಪ್ರಬಂಧಗಳನ್ನೂ ಹಳೆಯವುಗಳ ಜೊತೆ ಹೋಲಿಸಿ ನೋಡಲಾಗುತ್ತದೆ. ಆದರೆ ಅಂಕ ಕೊಡುವ ವಾರ ಮುಗಿಯುವ ಮೊದಲು ತಾನಾಗಿ ಒಪ್ಪಿಕೊಂಡವರಿಗೆ ಆ ಒಂದು ಪ್ರಬಂಧಕ್ಕೆ ಮಾತ್ರ ಸೊನ್ನೆ. ವಾರ ಮುಗಿಯುವುದು ನಾಳೆ.

ನಾದಿನಿ ಬಂದಾಗ ಚೀಲವನ್ನು ಹೆಗಲಿನಿಂದ ಇಳಿಸಲೂ ಬಿಡದೆ ಅತ್ತಿಗೆ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದಳು.

"ಪಾರ್ಸೆಲ್‌ಗೆ ಯಾವಾಗಿಂದ ಇಸ್ತ್ರಿ ಹಾಕೋಕೆ ಶುರು ಮಾಡಿದ್ರು ನಿಮ್ಮಲ್ಲಿ?"

ನಾದಿನಿಯ ಮುಖದ ಬಣ್ಣ ಇಳಿಯಿತು. "ಇಷ್ಟು ಜನದಲ್ಲಿ ನಿಮಗೇ ಬರಬೇಕಿತ್ತಾ ಇದು" ಎಂದು ಗೋಡೆಗೆ ಒರಗಿದಳು. ಚೀಲವನ್ನು ಕೆಳಗಿಟ್ಟು ಹೇಳಿದಳು, "ಅವತ್ತು ಒಬ್ಬ ಬೆಳಗ್ಗೆಯಿಂದ ಫೋನ್ ಮಾಡಿ ಮಾಡಿ ಬೈದ ಅತ್ತಿಗೆ. ಮನೆಗೆ ಬಂದ್ರೆ ತಲೇನೇ ಓಡ್ಲಿಲ್ಲ. ನಿಮ್ಮದು ಕಣ್ಣಿಗೆ ಬಿತ್ತು. ಒಂದು ಪದ ಬದಲಾಯಿಸಿದೆ, ಕಳಿಸಿದೆ."

"ಕಳಿಸೋ ಮುಂಚೆ ನೀನಾದ್ರೂ ಒಂದ್ಸಲ ಓದಬಾರದಿತ್ತಾ? ಯಾರಾದ್ರೂ ಓದಿದ್ರೆ ಗೊತ್ತಾಗಲ್ವಾ?"

"ಯಾರು ಓದ್ತಾರೆ?" ನಾದಿನಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಯಾಸವಿತ್ತು. "ನೀವು ಓದ್ತೀರಾ ಅತ್ತಿಗೆ? ನಾನು ಪಕ್ಕದಲ್ಲೇ ನಿಂತು ನೋಡಿಲ್ವಾ? ಟೀ ಆರೋದ್ರೊಳಗೆ ಮೂರೂ ಪ್ರಬಂಧಕ್ಕೆ ಹತ್ತು ಹತ್ತು ಹಾಕಿ ಏಳ್ತೀರಿ. ಎಲ್ಲರೂ ನಿಮ್ಮ ಹಾಗೇ ಇರ್ತಾರೆ ಅಂದ್ಕೊಂಡೆ."

ಯಾರು ನೋಡ್ತಾರೆ ಬಿಡಿ ಎಂಬ ಲಾಂಡ್ರಿಯವರ ಮಾತೇ ಈಗ ವಾಪಸಕ್ಕನಿಗೆ ಅವಳ ಮನೆಯಲ್ಲೂ ಕೇಳಿಸಿತು. ಮನೆಯಲ್ಲಿ ಈ ಹುಡುಗಿಗೆ ಓದಿನ ದಾರಿ ತೋರಿಸಿದವಳು ತಾನು, ಓದದೆ ದಾಟಿಸುವುದನ್ನು ಕಲಿಸಿದವಳೂ ತಾನೇ. ನಾಚಿಕೆಯಾಯಿತು ಅವಳಿಗೆ.

"ಹತ್ತು ಹಾಕಿ ಮುಗಿಸಿಬಿಡಿ" ಎಂದಳು ನಾದಿನಿ. "ನಿಮಗೇನು ಹೊಸದಾ?"

ಸುಳ್ಳು ಯಾಕೆ ಹೇಳಬೇಕು, ಅವಳಿಗೂ ಹಾಗೇ ಅನಿಸಿತ್ತು. ಹತ್ತು ಹಾಕುವುದು, ಎದ್ದು ಬಕೆಟ್ಟಿನ ನೀರು ಚೆಲ್ಲುವುದು, ಮಲಗುವುದು. ಬೆರಳು ಗುಂಡಿಯವರೆಗೆ ಹೋಗಿ ನಿಂತಿತು. ಕೊನೆಗೆ ಬೆರಳು ಹಿಂದಕ್ಕೆಳೆದುಕೊಂಡು, "ನಿಲ್ಲು, ಜೋರಾಗಿ ಓದ್ತೀನಿ, ಕೇಳು" ಎಂದಳು.

ಓದಿದಳು. ಪಾರ್ಸೆಲ್ ಎಂದಲ್ಲೆಲ್ಲ ಚಾದರ ಎಂದು ಸರಿಮಾಡಿಕೊಂಡೇ ಓದಿದಳು. ಮೊದಲ ಪ್ಯಾರಾದಲ್ಲಿ ಸ್ವಚ್ಛತೆ ಮುಖ್ಯ ಎಂದಿತ್ತು. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲಿ ಅದನ್ನೇ ಇನ್ನಷ್ಟು ಉದ್ದ ಎಳೆದಿತ್ತು.

"ಇದರಲ್ಲಿ ನಿರ್ಧಾರ ಎಲ್ಲಿದೆ?" ಎಂದು ಅವಳು ತಲೆಯೆತ್ತಿದಳು.

"ಬರೆದೋರು ನೀವು, ನನ್ನ ಕೇಳಿದ್ರೆ?"

"ಇಲ್ಲ ಕಣೆ. ಇಲ್ಲವೇ ಇಲ್ಲ. ಕೇಳಿದ್ದು ನಿರ್ಧಾರ, ನಾನು ಬರೆದಿರೋದು ಉಪದೇಶ. ಇದಕ್ಕೆ ಮೂರು ಜನ ಹತ್ತು ಕೊಟ್ಟಿದ್ರು. ಒಬ್ಬರಾದ್ರೂ ನಿರ್ಧಾರ ಎಲ್ಲಮ್ಮಾ ಅಂತ ಕೇಳಿದ್ರೆ ಕೊನೇ ಪರೀಕ್ಷೇಲಿ ನಾನು ಹಾಗೆ ಬೀಳ್ತಿರ್ಲಿಲ್ಲ."

"ಈಗ ನೀವೆಷ್ಟು ಕೊಡ್ತೀರಿ?"

"ನಾಲ್ಕು. ಅದೂ ನಂದು ಅನ್ನೋ ಪ್ರೀತಿಗೆ."

ಇಬ್ಬರಿಗೂ ನಗು ಬಂತು, ಬಂದ ಹಾಗೇ ಹೋಯಿತು. ಅತ್ತಿಗೆ ಕೈಪಿಡಿಯ ಆ ನಿಯಮವನ್ನು ತೋರಿಸಿದಳು. ನಾಳೆಯೊಳಗೆ ಮೇಷ್ಟ್ರಿಗೆ ಬರೆದು ಒಪ್ಪಿಕೋ ಎಂದಳು. ನಾದಿನಿ ಓದಿ ತಲೆ ಅಲ್ಲಾಡಿಸಿದಳು.

"ನನ್ನಿಂದ ಆಗಲ್ಲ ಅತ್ತಿಗೆ. ದಿನಾ ಕ್ಷಮೆ ಕೇಳಿ ಕೇಳಿ ನನ್ನ ನಾಲಿಗೆ ಸವೆದು ಹೋಗಿದೆ. ಯಾರೋ ಒಡೆದಿದ್ದಕ್ಕೆ, ಯಾರೋ ಕಳೆದಿದ್ದಕ್ಕೆ. ಮನೇಲೂ ಅದೇನಾ?"

"ಅವೆಲ್ಲ ಯಾರೋ ಮಾಡಿದ ತಪ್ಪು. ಇದು ನೀನು ಮಾಡಿದ್ದು. ಒಂದ್ಸಲ ನಿಂದೇ ತಪ್ಪಿಗೆ ಕೇಳು, ಹೇಗಿರತ್ತೆ ನೋಡು."

"ನಾನು ಬರೆಯದೆ ಇದ್ರೆ? ನೀವು ಹೇಳ್ತೀರಾ?"

"ಗೊತ್ತಿಲ್ಲ" ಎಂದಳು ವಾಪಸಕ್ಕ. "ಆದ್ರೆ ಹತ್ತು ಹಾಕಲ್ಲ. ನಾನೂ ಬರೀಬೇಕು ಕಣೆ ಅವರಿಗೆ. ಇಷ್ಟು ವಾರ ಓದದೇನೇ ಅಂಕ ಕೊಟ್ಟೆ ಅಂತ."

ನಾದಿನಿ ಅವಳನ್ನೇ ನೋಡಿದಳು. "ನಿಮ್ಮ ಗತಿ ಏನಾಗತ್ತೆ ಗೊತ್ತಾ?"

"ಗೊತ್ತು. ಇವತ್ತು ಕೈಪಿಡಿ ಓದಿದೀನಲ್ಲ."

ಮಾರನೆಯ ದಿನ ಒಬ್ಬರಾದ ಮೇಲೊಬ್ಬರು ಅದೇ ಕುರ್ಚಿಯಲ್ಲಿ ಕೂತು ಮೇಷ್ಟ್ರಿಗೆ ಬರೆದರು. ಒಬ್ಬರು ಬರೆಯುವಾಗ ಇನ್ನೊಬ್ಬರು ಅಡುಗೆಮನೆಯಿಂದ ಹೊರಗೆ ಹೋಗಿದ್ದರು.

ಮೇಷ್ಟ್ರು ನಿಯಮದಂತೆಯೇ ನಡೆದರು. ನಾದಿನಿಯ ಪ್ರಬಂಧಕ್ಕೆ ಸೊನ್ನೆ. ಅತ್ತಿಗೆ ತಾನಾಗಿ ಬರೆದುಕೊಳ್ಳಲು ಬಿಟ್ಟಿರಲಿಲ್ಲವಾದ್ದರಿಂದ ನಕಲಿನ ತಪ್ಪು ಅವಳ ತಲೆಗೆ ಬರಲಿಲ್ಲ. ಆದರೆ ಓದದೆ ಅಂಕ ಕೊಟ್ಟ ವಾರಗಳಲ್ಲಿ ಅವಳಿಗೆ ಬಂದಿದ್ದ ಅಂಕವೆಲ್ಲ ರದ್ದಾಯಿತು. ಈಗ ಪಾಸಾಗಬೇಕಾದರೆ ಕೊನೆಯ ಪರೀಕ್ಷೆಯಲ್ಲಿ ಅವಳು ಇದುವರೆಗೆ ಮುಖ ನೋಡದಷ್ಟು ಅಂಕ ಬರಬೇಕು. ಅವಳು ಲೆಕ್ಕ ಹಾಕಿ ನೋಡಿ ಕಂಪ್ಯೂಟರನ್ನು ಮುಚ್ಚಿದಳು. ಅಳು ಬಂತು. ಒಲೆಯ ಮುಂದೆ ನಿಂತು ಸ್ವಲ್ಪ ಅತ್ತಳು. ಗಂಡ ವಿಷಯವೆಲ್ಲ ಕೇಳಿ, "ಇಬ್ಬರೂ ನಿಜ ಹೇಳಿ ಇಬ್ಬರೂ ಸೋತ್ರಾ? ಓದಿದೋರ ದಾರೀನೇ ಬೇರೆ ಬಿಡಿ" ಎಂದವನು, ಅವಳ ಮುಖ ನೋಡಿ ಅನ್ನಕ್ಕೆ ನೀರಿಟ್ಟ.

ನಾದಿನಿ ಮುಖ ಊದಿಸಿಕೊಂಡು ಓಡಾಡಿದಳು. ಅತ್ತಿಗೆಯ ಮುಂದೆ ಟೀ ಲೋಟವನ್ನು ಕುಕ್ಕಿ ಹೋಗುವಳು, ತುಟಿ ಪಿಟಕ್ಕೆನ್ನಳು. ಅತ್ತಿಗೆ ಲಾಂಡ್ರಿಯಿಂದ ಬಂದು ಮೂರು ಪ್ರಬಂಧಗಳನ್ನು ಪೂರ್ತಿ ಓದತೊಡಗಿದ್ದಳು. ಅಕ್ಷರಗಳು ಕಣ್ಣೆದುರು ಈಜುತ್ತಿದ್ದವು. ಐದು ಕೊಟ್ಟಳು, ಏಳು ಕೊಟ್ಟಳು, ಯಾಕೆಂದು ಬರೆದಳು. ಐದು ಕೊಟ್ಟ ದಿನ ಯಾರದೋ ಮನೆಗೆ ಕೆಟ್ಟ ಸುದ್ದಿ ಮುಟ್ಟಿಸಿದ ಹಾಗಾಗಿ ಊಟ ಸೇರಲಿಲ್ಲ.

ಮುಂದಿನ ಪ್ರಬಂಧ ಕಳಿಸುವ ದಿನ ನಾದಿನಿ ಕುರ್ಚಿಯಿಂದೆದ್ದು, "ಕಳಿಸೋ ಮುಂಚೆ ಇದನ್ನ ಓದಿ" ಎಂದಳು. ವಾರದಲ್ಲಿ ಅವಳಾಡಿದ ಮೊದಲ ಮಾತು.

"ನಾನು ಓದಬಹುದಾ? ನಿಯಮ ಏನನ್ನತ್ತೆ?"

"ಓದಿ ಹೇಳಬಹುದು, ಬರೆದುಕೊಡಬಾರದು. ಕೈಪಿಡಿ ನಾನೂ ಓದಿದೀನಿ."

ಅತ್ತಿಗೆ ಕೂತು ಓದಿದಳು. ಬೆಳಗ್ಗೆಯಿಂದ ಬೈದವನ ಕಥೆಯೇ ಅದು. ಕೊನೆಯ ಸಲ ಅವನು ಫೋನು ಮಾಡಿದಾಗ ಬರೆದವಳು ಕ್ಷಮಿಸಿ ಎನ್ನಲಿಲ್ಲವಂತೆ. ಮೊದಲೆರಡು ಪ್ಯಾರಾ ಓದುವಷ್ಟರಲ್ಲಿ ಅತ್ತಿಗೆಯ ತಲೆ ತೂಗಿ ಮೇಜಿಗೆ ತಾಗುವಂತಾಯಿತು.

"ಬಿಡಿ ಅತ್ತಿಗೆ, ಸುಸ್ತಾಗಿದೀರಿ. ಚೆನ್ನಾಗಿದೆ ಅಂದ್ಬಿಡಿ, ಸಾಕು."

ಅತ್ತಿಗೆ ಎದ್ದು ನಲ್ಲಿಯ ಕೆಳಗೆ ಮುಖವೊಡ್ಡಿದಳು. ಸೆರಗಿನಿಂದ ಒರೆಸಿಕೊಂಡು ಬಂದು, ಕೂತರೆ ಮತ್ತೆ ನಿದ್ದೆ ಹತ್ತೀತೆಂದು ನಿಂತುಕೊಂಡೇ ಮೊದಲ ಸಾಲಿನಿಂದ ಓದಿದಳು. ಕೊನೆಯವರೆಗೆ ಓದಿದಳು. ಆಮೇಲೆ ಬೆರಳಿಟ್ಟು ತೋರಿಸಿದಳು.

"ಇಲ್ಲಿ ಅವನು ಏನೇನಂದ ಅಂತ ಎಲ್ಲ ಬರೆದಿದೀಯ. ಕ್ಷಮಿಸಿ ಅನ್ನೋ ಬದಲು ನೀನೇನಂದೆ ಅಂತ ಬರೆದೇ ಇಲ್ಲ. ನಂಗೆ ಬೇಕಾಗಿದ್ದು ಅದೇ. ವಾಪಸ್."

ನಾದಿನಿ ಕಂಪ್ಯೂಟರನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಕುರ್ಚಿಯನ್ನು ಅತ್ತಿಗೆಯ ಮೊಣಕಾಲಿನ ಹಿಂದಕ್ಕೆ ಸರಿಸಿ, "ನೀವು ಕೂತ್ಕೊಳ್ಳಿ" ಎಂದು ತಾನು ನಿಂತೇ ಬರೆಯತೊಡಗಿದಳು.