ಸೋರಿಕೆಯೋ ಸಡಿಲಿಕೆಯೋ

ತೀರ ಹಿಂದಿನ ಕಾಲದ್ದೇನಲ್ಲ, ಆದರೂ ಕಥೆಯೆಂದ ಮೇಲೆ ಹೀಗೇ ಶುರುವಾಗಬೇಕು: ಕಡಲಿಗಿಂತ ತಗ್ಗಿನಲ್ಲಿ ಒಂದು ಊರು, ಹೆಸರು ಡೆಲ್ಫ್ಟ್. ಆ ಊರಲ್ಲೊಂದು ಉಕ್ಕಿನ ಡಬ್ಬಿ, ಡಬ್ಬಿಯೊಳಗೊಂದು ಗಾಜು, ಗಾಜನ್ನು ಕಾಯಲಿಕ್ಕೆ ಒಬ್ಬಳು ಹುಡುಗಿ. ಗಾಜಿಗೊಂದು ಶಾಪವಿತ್ತು. ಹಿಂಡಿದರೂ ಬಿಟ್ಟರೂ ಒಮ್ಮೆಗೇ ಸುಮ್ಮನಾಗಲು ಅದಕ್ಕೆ ಬರುತ್ತಿರಲಿಲ್ಲ.

ಹುಡುಗಿಯ ಹೆಸರು ವೀಟ್ಸ್ಕೆ. ಗಾಜೆಂದರೆ ಕಿಟಕಿಯ ಗಾಜಲ್ಲ, ಪ್ಲಾಸ್ಟಿಕ್ಕಿನ ತೆಳು ಹಾಳೆ. ಕಾದು ಹರಿಯುತ್ತಿದ್ದದ್ದು ತಣಿಯುವಾಗ ಅಣುಗಳು ನಿಂತ ನಿಂತಲ್ಲೇ ಮರಗಟ್ಟಿದರೆ ಅವಳ ಕಸುಬಿನವರು ಅದನ್ನೂ ಗಾಜೆಂದೇ ಕರೆಯುತ್ತಿದ್ದರು. ಡಬ್ಬಿಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಒತ್ತಡ ಏರಿಸಿದರೆ ಹಾಳೆ ಆ ಅನಿಲವನ್ನು ಕುಡಿದು ಉಬ್ಬುತ್ತದೆ. ಮೊದಲು ಗಟಗಟನೆ, ಆಮೇಲೆ ಅಣುಗಳು ಸರಿದು ಜಾಗ ಕೊಟ್ಟಂತೆಲ್ಲ ಗುಟುಕು ಗುಟುಕಾಗಿ. ಅದು ಕುಡಿದಷ್ಟೂ ಮುಚ್ಚಿದ ಡಬ್ಬಿಯ ಒತ್ತಡ ಇಳಿಯುತ್ತದೆ. ಆ ಇಳಿತವನ್ನು ಅಳೆದರೆ ಗಾಜು ಹೇಗೆ ಸಡಿಲವಾಗುತ್ತಿದೆಯೆಂದು ತಿಳಿಯುತ್ತದೆ.

ಶುಕ್ರವಾರ ಕೆಲಸಗಾರರು ಬಂದು ಡಬ್ಬಿಯಿದ್ದ ಹಳೆಯ ಪ್ರಯೋಗಾಲಯದ ಕೋಣೆಯನ್ನೇ ಬಿಚ್ಚುವವರಿದ್ದರು. ಹಾಳೆಯೂ ಇದೇ ಕೊನೆಯದು. ಅಷ್ಟರೊಳಗೆ ಇಳಿತದ ಗೆರೆಯನ್ನು ತಂದುಕೊಡುತ್ತೇನೆಂದು ಅವಳು ಮಾರ್ಗದರ್ಶಕ ಹಾರ್ಮನ್‌ಗೆ ಮಾತು ಕೊಟ್ಟಿದ್ದಳು. ಗೆರೆಯಿಲ್ಲದೆ ಪ್ರಬಂಧದ ಕೊನೆಯ ಅಧ್ಯಾಯವಿಲ್ಲ, ಅಧ್ಯಾಯವಿಲ್ಲದೆ ಡಾಕ್ಟರೇಟ್ ಇಲ್ಲ.

ಒತ್ತಡ ಇಳಿಯುತ್ತಿತ್ತು. ತೊಂದರೆಯೇ ಅದು. ಡಬ್ಬಿ ಸೋರಿದರೂ ಹೀಗೇ ಇಳಿಯುತ್ತದೆ.

ಮುಚ್ಚಳಕ್ಕೆ ಹೊಸ ರಬ್ಬರ್ ಉಂಗುರ ತರಿಸೋಣವೆಂದು ಅವಳು ಹೇಳಿದಾಗ ಪ್ರಯೋಗಾಲಯದ ಮೆಕ್ಯಾನಿಕ್ ಎವರ್ಟ್ ಬಿಸ್ಕತ್ತಿನ ಡಬ್ಬಿಯಿಂದ ಹಳೆಯದೊಂದನ್ನು ತೆಗೆದು ಕೊಟ್ಟಿದ್ದ. ಚೆನ್ನಾಗಿರುವುದನ್ನು ಬಿಸಾಡುವುದು ಅವನ ಪಾಲಿಗೆ ಪಾಪ. ಒಂದೇ ಟೀ ಚೀಲವನ್ನು ಎರಡು ಲೋಟಕ್ಕೆ ಅದ್ದುವ ಮನೆಯಲ್ಲಿ ಬೆಳೆದ ವೀಟ್ಸ್ಕೆಗೂ ಅದು ಸರಿಯೆನಿಸಿತ್ತು. ಒತ್ತಡ ಏರಿಳಿದಾಗಲೆಲ್ಲ ಈ ಅನಿಲ ರಬ್ಬರಿನೊಳಗೆ ಹೊಕ್ಕು ಬಿರುಕು ಬಿಡಿಸುತ್ತದೆ ಎಂಬುದು ನೆನಪಾಗುವಷ್ಟರಲ್ಲಿ ಡಬ್ಬಿ ಮುಚ್ಚಿಯಾಗಿತ್ತು.

"ಸೋರ್ತಿದೆ ಎವರ್ಟ್, ಉಂಗುರದ್ದೇ ಕೆಲಸ," ಅಂದಳು ಬುಧವಾರ.

"ನನ್ನ ಉಂಗುರದ ಮೇಲೆ ಗೂಬೆ ಕೂರಿಸ್ಬೇಡ ಹುಡುಗಿ. ಸೋಪಿನ ನೀರು ಬಳಿ. ಗುಳ್ಳೆ ಬಂದ್ರೆ ಒಪ್ಕೋತೀನಿ."

"ಬಳೀಬೇಕಂದ್ರೆ ಡಬ್ಬಿ ಸುತ್ತ ಶಾಖ ಕಾಯೋ ಪೆಟ್ಟಿಗೆ ತೆಗೀಬೇಕು. ಶಾಖ ಕೆಡುತ್ತೆ, ಅಳತೆ ಎಲ್ಲ ಹಾಳು."

"ಹಾಗಾದ್ರೆ ತೆಗೀಬೇಡ."

"ತೆಗೀದಿದ್ರೆ ಸೋರ್ತಿದೆಯೋ ಇಲ್ವೋ ಹೇಗಪ್ಪಾ ಗೊತ್ತಾಗೋದು?"

"ನಿನ್ನ ಕೈಗೆ ಉಪ್ಪು ಹಾಕಿದ ಹೆರಿಂಗ್ ಮೀನು ಕೊಟ್ರೂ, ಇದು ನಿಜವಾಗ್ಲೂ ಸತ್ತಿದೆಯಾ ಅಂತ ಕೇಳ್ತೀಯ," ಎಂದು ಅವನು ಹೊರಟುಹೋದ.

ಅವಳ ಕೈ ಪೆಟ್ಟಿಗೆಯ ಚಿಲಕದ ತನಕ ಹೋಗಿ ಹಿಂದೆ ಬಂತು. ಒಂದೇ ದಾರಿ ಉಳಿದಿತ್ತು. ಸೋರುವ ಡಬ್ಬಿಗೆ ದಣಿವಿಲ್ಲ, ಒಂದೇ ಸಮನೆ ಸೋರುತ್ತದೆ. ಗಾಜು ದಣಿಯುತ್ತದೆ, ನಿನ್ನೆ ಒಂದು ಗಂಟೆಯಲ್ಲಿ ಕುಡಿದಷ್ಟನ್ನು ಕುಡಿಯಲು ಇಂದು ಅದಕ್ಕೆ ಹತ್ತು ಗಂಟೆ ಬೇಕು. ಇಳಿತ ನಿಧಾನಿಸುತ್ತ ಹೋದರೆ ಅದು ಗಾಜು. ಆದರೆ ಸಣ್ಣ ಸೋರಿಕೆ ಮೊದಲಲ್ಲಿ ಗಾಜಿನ ಬೆನ್ನ ಹಿಂದೆ ಅಡಗಿ ಕೂತಿರುತ್ತದೆ. ಕಾಯದೆ ಅದರ ಮುಖ ಕಾಣದು.

ಗುರುವಾರ ಎದುರುಗಾಳಿಗೆ ಸೈಕಲ್ ತುಳಿದು ಬಂದು ಒತ್ತಡ ತೋರಿಸುವ ಕಂಪ್ಯೂಟರ್ ಪರದೆ ನೋಡಿದಳು. ಒತ್ತಡ ಮೇಲಕ್ಕೆ ಎದ್ದಿತ್ತು!

"ಯಾರು ಮುಟ್ಟಿದ್ದು ಇದನ್ನ?"

"ಯಾರೂ ಮುಟ್ಟಿಲ್ಲಮ್ಮ," ಅಂದ ಎವರ್ಟ್. "ಕಾಫಿ ಪಾತ್ರೆ ಇಟ್ಟಿದ್ದೆ, ಅಷ್ಟೆ. ಪೆಟ್ಟಿಗೆ ಮೇಲೆ ಚಪ್ಪಟೆ ಇದೆಯಲ್ಲ."

"ಅದು ಮೇಜಲ್ಲ ಎವರ್ಟ್! ಬಿಸಿ ಕಾಫಿನಾ?"

"ತಣ್ಣಗಿನ ಕಾಫಿ ಯಾರು ಕುಡೀತಾರೆ?" ಅವನ ಕಿವಿ ಕೆಂಪಾಯಿತು. "ಇವತ್ತು ನನ್ನ ಹುಟ್ಟುಹಬ್ಬ. ಕೇಕಿಗೆ ಜಾಗ ಮಾಡ್ತಿದ್ದೆ."

ಬೈಯಲು ತೆರೆದ ಬಾಯಿಂದಲೇ ಶುಭಾಶಯ ಹೇಳಬೇಕಾಯಿತು. ಎಲ್ಲರೂ ಕುರ್ಚಿ ಎಳೆದು ವೃತ್ತವಾಗಿ ಕೂತರು, ಅವನನ್ನಷ್ಟೇ ಅಲ್ಲ, ಆ ನಾಡಿನ ಪದ್ಧತಿಯಂತೆ ಒಬ್ಬರನ್ನೊಬ್ಬರು ಅಭಿನಂದಿಸಿದರು. ವೀಟ್ಸ್ಕೆ ಸೇಬಿನ ಕೇಕಿನ ತಟ್ಟೆ ಹಿಡಿದು ಬಾಗಿಲತ್ತಲೇ ನೋಡುತ್ತಿದ್ದಳು. ಬಾಗಿಲ ಸಂದಿಯಿಂದ ಪರದೆ ಕಾಣುತ್ತಿತ್ತು. ಕಾಫಿ ಪಾತ್ರೆ ತೆಗೆದ ಮೇಲೆ ಪೆಟ್ಟಿಗೆ ತಣಿಯಿತು, ಒತ್ತಡ ಇಳಿಯಿತು. ಹಳೆಯ ಗೆರೆ ಮುಟ್ಟಿತು. ಅಲ್ಲಿ ನಿಲ್ಲದೆ ಇನ್ನೂ ಇಳಿಯಿತು. ಇಷ್ಟು ಇಳಿಯುವುದು ಗಾಜಿನದೋ ಸೋರಿಕೆಯದೋ? ತಟ್ಟೆ ಕೆಳಗಿಟ್ಟು ಬಂದು ಪರದೆಯ ಮುಂದೆ ಕೂತವಳು ಮಧ್ಯಾಹ್ನದ ಬ್ರೆಡ್ಡನ್ನೂ ಬಿಚ್ಚಲಿಲ್ಲ. ಸಂಜೆಯ ಹೊತ್ತಿಗೆ ಅಂಕಿ ಅಲುಗಾಡುವುದನ್ನೇ ಮರೆತಂತಿತ್ತು. ಹಾಗೆಂದುಕೊಂಡೊಡನೆ ಒಂದು ಕೂದಲೆಳೆಯಷ್ಟು ಕೆಳಕ್ಕೆ ಜಾರಿತು. ಖುಷಿಪಡಲು ಅವಳಿಗೆ ಧೈರ್ಯವಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಕೆಲಸಗಾರರು ಸ್ಪ್ಯಾನರ್ ಹಿಡಿದು ಬಾಗಿಲಲ್ಲಿ ನಿಂತರು.

"ಸ್ವಲ್ಪ ತಡೀರಿ," ಅಂದಳು.

"ಎಷ್ಟೊತ್ತು ತಡೀಬೇಕು, ಮೇಡಂ?"

"ಗಾಜನ್ನ ಕೇಳಿ," ಎಂದು ಎವರ್ಟ್ ಅವರಿಗೆ ಅಡ್ಡ ನಿಂತ.

ಅವಳು ಕೊನೆಯ ಚುಕ್ಕೆಯನ್ನು ಹಾಕಿದಳು. ಪ್ರತಿ ಮನೆಯೂ ಹಿಂದಿನದಕ್ಕಿಂತ ಹತ್ತು ಪಟ್ಟು ಹೊತ್ತು ಹಿಡಿಸುವ ಲಾಗರಿದಮ್ ಗ್ರಾಫ್ ಕಾಗದದ ಮೇಲೆ, ಸೋರಿಕೆಯಾಗಿದ್ದರೆ ಚುಕ್ಕೆಗಳು ಪ್ರಪಾತಕ್ಕೆ ಬಿದ್ದಂತೆ ಬಾಗಬೇಕಿತ್ತು. ಬಾಗಲಿಲ್ಲ. ಕಾಫಿಯ ಉಬ್ಬೊಂದನ್ನು ಬಿಟ್ಟರೆ ಮೊದಲಿಂದ ತುದಿಯವರೆಗೂ ನೇರ ಗೆರೆ, ದಣಿಯುವ ಗಾಜಿನದೇ. ಉಬ್ಬನ್ನು ಅಳಿಸದೆ ಪಕ್ಕದಲ್ಲಿ ಕಾರಣ ಬರೆದಳು.

ಅನಿಲವನ್ನು ಮೆಲ್ಲಗೆ ಹೊರಬಿಟ್ಟು, ಕಾಗದ ಹಿಡಿದು ಮೆಟ್ಟಿಲು ಹತ್ತಿ, ಹಾರ್ಮನ್‌ನ ಮೇಜಿನ ಮೇಲೆ ಗೆರೆಯನ್ನಿಟ್ಟಳು.